ಮೆಷಿನುಗಳ ಹೆಸರು ಓದಿದ ಸೆವ್ರಿನ್ ಬಾಯಮ್ಮ

ಹಳೆಯ ಕೊಡೆಯಿಂದ ಕಿತ್ತ ಒಂದು ಕಡ್ಡಿ, ಅದರ ತುದಿಗೆ ಗೇಣುದ್ದದ ಬಿಳಿ ನೂಲು. ಅದನ್ನು ಮುಂದಕ್ಕೆ ಹಿಡಿದುಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಐವತ್ತೆಂಟು ವರ್ಷದ ಹೆಂಗಸೊಬ್ಬರು ಮಣಿಪಾಲದ ನಮ್ಮ ಡೇಟಾ ಸೆಂಟರಿನೊಳಗೆ ನಡೆಯುತ್ತಿದ್ದರು. ಎರಡೂ ಬದಿ ಆಳೆತ್ತರದ ಕಪಾಟುಗಳು, ಕಪಾಟಿನ ತುಂಬ ಗುಂಯ್ ಎನ್ನುವ ಕಂಪ್ಯೂಟರುಗಳು. ಅವರ ಕಣ್ಣು ಮಾತ್ರ ನೂಲಿನ ಮೇಲೆ. ನೂಲು ಎಡಕ್ಕೆ ವಾಲಿದರೆ "ಹೂಂ" ಎನ್ನುವರು, ಬಲಕ್ಕೆ ವಾಲಿದರೆ ನಿಂತು ಚಾಕ್‌ಪೀಸಿನಿಂದ ನೆಲಕ್ಕೊಂದು ಗೆರೆ ಎಳೆಯುವರು. ನಾನು ಗಾಜಿನಾಚೆ ನಿಂತು ನೋಡಿ, ಕರೆಂಟು ಉಳಿಸಲಿಕ್ಕೆ ನಮ್ಮ ಧಣಿಗಳು ಕೊನೆಗೂ ಮಂತ್ರವಾದಿಯನ್ನು ಕರೆಸಿದರಲ್ಲಪ್ಪಾ ಎಂದು ನಕ್ಕಿದ್ದೆ.

ಅವರೇ ಸೆವ್ರಿನ್ ಬಾಯಮ್ಮ. ಬೆಳ್ಮಣ್ಣಿನವರು. ನಮ್ಮ ಕಡೆ ಕೊಂಕಣಿ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಆಫೀಸಿನಲ್ಲಿ ಮೊದಲ ದಿನ ಎಲ್ಲರೂ ಮೇಡಂ ಮೇಡಂ ಎಂದಾಗ, "ಅದು ಬೇಡ. ಮೇಡಂ ಅಂದರೆ ನನಗೆ ಶಾಲೆಯ ಬೆತ್ತ ನೆನಪಾಗುತ್ತದೆ" ಎಂದು ಬಾಯಿ ಮುಚ್ಚಿಸಿದ್ದರು. ಕಾರ್ಕಳದಲ್ಲಿ ಓದಿ, ಮಲ್ಪೆಯ ಮೀನಿನ ಐಸ್ ಪ್ಲಾಂಟಿನಲ್ಲಿ ಕೆಲಸ ಶುರುಮಾಡಿ, ಆಮೇಲೆ ಇಪ್ಪತ್ತೆರಡು ವರ್ಷ ಗಲ್ಫಿನ ದೊಡ್ಡ ದೊಡ್ಡ ಕಟ್ಟಡಗಳ ಏಸಿ ನೋಡಿಕೊಂಡು ಊರಿಗೆ ಬಂದವರು. ಬಂದು ಸುಮ್ಮನೆ ಕೂರುವ ಜಾತಿ ಅಲ್ಲ.

ನನ್ನ ಹೆಸರು ಈರಣ್ಣ. ಅಪ್ಪ ಬಾದಾಮಿ ಕಡೆಯಿಂದ ಮಣಿಪಾಲಕ್ಕೆ ಸೆಂಟ್ರಿಂಗ್ ಕೆಲಸಕ್ಕೆ ಬಂದವರು. ಇಲ್ಲಿನ ಎಷ್ಟೋ ಕಟ್ಟಡಗಳ ಸ್ಲ್ಯಾಬು ಅವರ ಕೈಯದ್ದು. ನಾನು ಇಲ್ಲೇ ಹುಟ್ಟಿ, ಇಲ್ಲೇ ಡಿಪ್ಲೊಮಾ ಮಾಡಿ, ಆ ಸೆಂಟರಿನಲ್ಲಿ ಶಿಫ್ಟ್ ಇನ್‌ಚಾರ್ಜ್ ಆಗಿದ್ದೆ. ಸಿಟ್ಟು ಮಾತ್ರ ಊರಿನಿಂದಲೇ ಕಟ್ಟಿಕೊಂಡು ಬಂದದ್ದು. ಬಾಯಮ್ಮ ನನ್ನ ಹೆಸರು ಕೇಳಿ, "ನನಗಿಂತ ಇಪ್ಪತ್ತು ವರ್ಷ ಸಣ್ಣವನಿಗೆ ಅಣ್ಣ ಅಂತ ಹೇಳಲಿಕ್ಕುಂಟಾ ಮಾರಾಯ? ಈರ ಸಾಕು" ಎಂದರು. ಮೂವತ್ತೆಂಟು ವರ್ಷದವನನ್ನು ಎಲ್ಲರೆದುರು ಹಾಗೆ ಕರೆದರೆ ಹೇಗಾಗಬೇಡ! ಆವತ್ತಿನಿಂದಲೇ ನನಗೂ ಅವರಿಗೂ ಜಟಾಪಟಿ.

ಅವರನ್ನು ಕರೆಸಿದ್ದಕ್ಕೆ ಕಾರಣವಿತ್ತು. ಆಸ್ಪತ್ರೆ, ಬ್ಯಾಂಕು, ಕಾಲೇಜುಗಳ ಕಂಪ್ಯೂಟರುಗಳನ್ನು ನಾವು ನಮ್ಮ ಸೆಂಟರಿನ ದೊಡ್ಡ ಹಾಲ್‌ನಲ್ಲಿಟ್ಟು ದಿನದ ಇಪ್ಪತ್ನಾಲ್ಕು ಗಂಟೆಯೂ ಕರೆಂಟು, ತಂಪು ಕೊಟ್ಟು ಸಾಕುತ್ತಿದ್ದೆವು. ಅರ್ಧ ಹಾಲ್ ಹಿಡಿದಿದ್ದ ಒಬ್ಬ ದೊಡ್ಡ ಗಿರಾಕಿ ತನ್ನದೆಲ್ಲವನ್ನೂ ಇಂಟರ್ನೆಟ್ಟಿನಾಚೆಯ ಯಾವುದೋ ಕಂಪನಿಗೆ ವಹಿಸಿ, ಪೆಟ್ಟಿಗೆ ಖಾಲಿ ಮಾಡಿಕೊಂಡು ಹೋದ. ಹಾಲ್ ಅರ್ಧ ಖಾಲಿ, ಕರೆಂಟು ಮಾತ್ರ ಮೊದಲಿನಷ್ಟೇ. ಧಣಿಗಳು ಮೀಟಿಂಗ್ ಕರೆದು ನೇರ ಹೇಳಿದರು: "ದೀಪಾವಳಿಯ ಒಳಗೆ ಕರೆಂಟು ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ಇದನ್ನು ಮುಚ್ಚಿ ಮೆಷಿನುಗಳನ್ನು ಬೆಂಗಳೂರಿನಲ್ಲಿ ಯಾರದ್ದಾದರೂ ಜಾಗದಲ್ಲಿ ಇಡುವುದು." ನಾವು ಹತ್ತೊಂಬತ್ತು ಜನ ಇದ್ದೆವು. ಆವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಾರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ.

ನಮ್ಮ ಹಾಲ್‌ನ ಬಾಗಿಲಲ್ಲಿ ಆರು ಸ್ವೆಟರುಗಳು ನೇತಾಡುತ್ತಿದ್ದವು. ಒಳಗೆ ಬರುವ ಅತಿಥಿಗಳು ನಡುಗಬೇಕು, ಆಗಲೇ ಡೇಟಾ ಸೆಂಟರ್ ಎಂದರೆ ಡೇಟಾ ಸೆಂಟರ್ ಎಂಬುದು ಧಣಿಗಳ ನಂಬಿಕೆ. ನನ್ನದೂ ಅದೇ. ಬಾಯಮ್ಮ ಸ್ವೆಟರು ನೋಡಿ, "ಇಲ್ಲಿ ಎಂತ, ಬಂಗುಡೆ ಮೀನು ಇಟ್ಟಿದ್ದೀರಾ?" ಎಂದು ಕೇಳಿದರು. "ಮೆಷಿನಿಗೆ ಚಳಿ ಬೇಡ ಮಾರಾಯ. ಅದರ ಮೂಗಿನ ಎದುರು ತಂಪು ಗಾಳಿ ಬರಬೇಕು, ಬೆನ್ನಿನ ಬಿಸಿ ಗಾಳಿ ತಿರುಗಿ ಮೂಗಿಗೆ ಬರಬಾರದು. ಅಷ್ಟೇ." ನೂಲು ಹಿಡಿದು ನಡೆದದ್ದು ಅದಕ್ಕೇ. ಬಿಸಿ ಎಲ್ಲಿ ನುಸುಳಿ ಮುಂದೆ ಬರುತ್ತದೆಂದು ನೂಲು ತೋರಿಸುತ್ತಿತ್ತು. ಕಪಾಟಿನ ಖಾಲಿ ಕಂಡಿಗಳಿಗೆಲ್ಲ ಕಾರ್ಕಳದ ಒಬ್ಬ ತಗಡಿನವರಿಂದ ಅಳತೆಗೆ ತಗಡು ಕತ್ತರಿಸಿ ತಂದು ಮುಚ್ಚಿಸಿದರು. ಖಾಲಿಯಾದ ಅರ್ಧ ಹಾಲ್‌ಗೆ, ಐಸ್ ಪ್ಲಾಂಟಿನ ಬಾಗಿಲಿಗೆ ಹಾಕುವಂಥ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಇಳಿಬಿಡಿಸಿದರು. ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಏಸಿಯನ್ನು ಒಂದೇ ಒಂದು ಡಿಗ್ರಿ ಮೇಲೆ ಏರಿಸುವುದು, ವಾರವಿಡೀ ಕಾಯುವುದು. ನಾನು ಪ್ರತಿ ಸೋಮವಾರ "ಇವತ್ತು ಸುಟ್ಟು ಹೋಗುತ್ತದೆ ನೋಡಿ" ಎನ್ನುತ್ತಿದ್ದೆ. ಒಂದೂ ಸುಡಲಿಲ್ಲ. ಆರನೇ ವಾರ ಬಾಯಮ್ಮ ಸ್ವೆಟರುಗಳನ್ನು ಮಡಚಿ ನನ್ನ ಕೈಗಿತ್ತು, "ಒಗೆದು ಯಾರಿಗಾದರೂ ಕೊಡು" ಎಂದರು.

ಅವರ ಲೆಕ್ಕವೆಲ್ಲ ಅಡುಗೆಮನೆಯದ್ದು. "ಊಟಕ್ಕೆ ಎಷ್ಟು ಜನ ಅಂತ ಕೇಳಿಯೇ ಅಕ್ಕಿ ಹಾಕುವುದಲ್ವಾ? ನೀವು ದಿನಾ ಮದುವೆಯ ಅನ್ನ ಬೇಯಿಸುತ್ತೀರಿ." ಒಂದು ದೊಡ್ಡ ಏಸಿಯ ಬದಲು ನಾಲ್ಕು ಸಣ್ಣದು ಇರಲಿ, ಗಿರಾಕಿ ಬಂದ ಹಾಗೆ ಒಂದೊಂದೇ ಹಚ್ಚಿ, ಹೋದ ಹಾಗೆ ಆರಿಸಿ ಎಂದು ಅವರು ಹೇಳಿದ್ದು ಈಗ ಕೇಳಿದರೆ ಮಕ್ಕಳಿಗೂ ಗೊತ್ತಾಗುವ ಮಾತು. ನಾವು ಎಂಟು ವರ್ಷ ಅದನ್ನು ಯೋಚಿಸಿರಲಿಲ್ಲ.

ಜೂನಿನಲ್ಲಿ ಧಣಿಗಳ ಪರಿಚಯದ ಒಬ್ಬ ಸಲಹೆಗಾರರು ಬೆಂಗಳೂರಿನಿಂದ ಬಂದರು. ಏಸಿಯೇ ಬೇಡ, ಗೋಡೆಗೆ ಫ್ಯಾನು ಕೂರಿಸಿ ಹೊರಗಿನ ತಂಪು ಗಾಳಿಯನ್ನೇ ಒಳಗೆ ಎಳೆಯೋಣ, ಅಲ್ಲೆಲ್ಲ ಹಾಗೆಯೇ ಮಾಡಿ ಉಳಿಸಿದ್ದೇವೆ ಎಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಬಾಯಮ್ಮ ಮನೆಯಿಂದ ತಂದ ಡಬ್ಬದಿಂದ ಕರಿದ ಹಲಸಿನ ಹಪ್ಪಳ ಒಂದನ್ನು ತೆಗೆದು ತೆರೆದ ಕಿಟಕಿಯ ಮೇಲಿಟ್ಟರು, ಉಳಿದದ್ದನ್ನು ನಮಗೆ ಹಂಚಿದರು. ಮೀಟಿಂಗ್ ಮುಗಿಯುವ ಹೊತ್ತಿಗೆ ಕಿಟಕಿಯ ಹಪ್ಪಳ ತಂದು ಸಲಹೆಗಾರರ ಅಂಗೈಯಲ್ಲಿಟ್ಟರು. ಅದು ಒದ್ದೆ ಬಟ್ಟೆಯ ಹಾಗೆ ಬಾಗಿತು. "ನಿಮ್ಮ ಬೆಂಗಳೂರಿನ ಗಾಳಿ ಒಣಗಿದ್ದು ಸರ್. ಇದು ಕಡಲಿನ ಗಾಳಿ, ನೀರೂ ಉಂಟು, ಉಪ್ಪೂ ಉಂಟು. ನಿಮ್ಮ ಮೆಷಿನು ಈ ಹಪ್ಪಳಕ್ಕಿಂತ ಗಟ್ಟಿಯಾ?" ಆ ಮನುಷ್ಯ ಒಳ್ಳೆಯವರು, ನಕ್ಕುಬಿಟ್ಟರು. ನಾನು ಮಾತ್ರ ಅವತ್ತು ನಗುವುದನ್ನು ಬಿಟ್ಟು ಬಾಯಮ್ಮನ ಮುಖವನ್ನೇ ನೋಡಿದೆ. ಇಂಥವರ ಕೈಕೆಳಗೆ ಕೆಲಸ ಮಾಡುವ ಯೋಗ ಎಲ್ಲರಿಗೂ ಬರುವುದಿಲ್ಲ ಎಂದು ನನಗನಿಸಿದ್ದು ಆಗ. ಬಾಯಿಬಿಟ್ಟು ಹೇಳಲಿಲ್ಲ. ನಾನೆಲ್ಲಿ ಹೇಳುತ್ತೇನೆ!

ಇಷ್ಟಾದರೂ ಕರೆಂಟು ಅರ್ಧಕ್ಕೆ ಇಳಿದಿರಲಿಲ್ಲ. "ಇನ್ನು ಮೆಷಿನುಗಳನ್ನೇ ಕೇಳಬೇಕು" ಎಂದರು ಬಾಯಮ್ಮ. ಹಾಲ್‌ನಲ್ಲಿ ಯಾರದ್ದೆಂದು ಯಾರಿಗೂ ಗೊತ್ತಿಲ್ಲದ ಮೆಷಿನುಗಳು ಮೂವತ್ತರ ಹತ್ತಿರ ಇದ್ದವು. ಎಂದೋ ಯಾರೋ ಇಟ್ಟದ್ದು, ಇಟ್ಟವರು ಕೆಲಸ ಬಿಟ್ಟು ಹೋಗಿದ್ದರು, ಕಾಗದ ಕಳೆದುಹೋಗಿತ್ತು. ಆರಿಸಲು ಎಲ್ಲರಿಗೂ ಹೆದರಿಕೆ. ಮೀಟರು ನೋಡಿದರೆ ಜೂನು ಶುರುವಾದಾಗಿನಿಂದ ಒಂದು ಅಕ್ಷರವೂ ಒಳಗೆ ಹೋಗಿಲ್ಲ, ಹೊರಗೆ ಬಂದಿಲ್ಲ, ಕರೆಂಟು ಮಾತ್ರ ಕುಡಿಯುತ್ತ ಕೂತಿದ್ದವು.

ಬಾಯಮ್ಮ ಆಗ ತಂದದ್ದು ಇಗರ್ಜಿಯ, ಅಂದರೆ ಅವರ ಚರ್ಚಿನ ಪದ್ಧತಿ. ಅವರಲ್ಲಿ ಮದುವೆ ಗೊತ್ತಾದರೆ ಮೂರು ಆದಿತ್ಯವಾರ ಪೂಜೆಯ ಹೊತ್ತಿಗೆ ಹುಡುಗ ಹುಡುಗಿಯ ಹೆಸರು ಓದುತ್ತಾರಂತೆ. ಈ ಮದುವೆಗೆ ಅಡ್ಡಿ ಏನಾದರೂ ಗೊತ್ತಿದ್ದವರು ಬಂದು ಹೇಳಬೇಕು. ಮೂರು ವಾರವೂ ಯಾರೂ ಮಾತಾಡದಿದ್ದರೆ ಮದುವೆ. "ನಾವು ಮೂರು ಸೋಮವಾರ ಓದುವ" ಎಂದರು. ಜುಲೈ ಮಧ್ಯದಲ್ಲಿ ಶುರುವಾಯಿತು. ಹತ್ತೊಂಬತ್ತು ಜನರನ್ನೂ ನಿಲ್ಲಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ನಂಬರು ಓದಿ, "ಇದನ್ನು ಆರಿಸಲಿಕ್ಕೆ ಅಡ್ಡಿ ಉಂಟಾ? ಗೊತ್ತಿದ್ದವರು ಹೇಳಿ" ಎಂದು ನಮ್ಮ ಮುಖ ನೋಡುವರು. ಒಳ್ಳೆ ತಮಾಷೆಯಾಗಿತ್ತು. ಹಿಂದೆ ನಿಂತವರು "ಹುಡುಗಿಯ ಕಡೆಯವರು ಯಾರು?" ಎಂದು ಪಿಸುಗುಡುತ್ತಿದ್ದರು.

ಮೊದಲ ಸೋಮವಾರವೇ ನಾನು ಕೈ ಎತ್ತಿದೆ. ಒಂಬತ್ತನೇ ನಂಬರು ಆಸ್ಪತ್ರೆಯದ್ದು, ಮುಟ್ಟಬೇಡಿ ಎಂದು ಜೋರಾಗಿ ವಾದ ಮಾಡಿದೆ. ತೆರೆದು ನೋಡಿದರೆ ಅದು ನಮ್ಮದೇ ಹಳೆಯ ಹಾಜರಿ ಮೆಷಿನು, ಹೆಬ್ಬೆಟ್ಟು ಒತ್ತುವಂಥದ್ದು, ಬಿಟ್ಟು ನಾಲ್ಕು ವರ್ಷವಾಗಿತ್ತು. ಬಾಯಮ್ಮ ಕನ್ನಡಕದ ಮೇಲಿಂದ ನೋಡಿ, "ಈರಾ, ಪಾಪ ಅದು ನಾಲ್ಕು ವರ್ಷದಿಂದ ನಿನ್ನ ಹೆಬ್ಬೆಟ್ಟಿಗೆ ಕಾಯುತ್ತಾ ಉಂಟು" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಇನ್ನು ಮೇಲೆ ಬಾಯಿ ತೆರೆದರೆ ಕೇಳಿ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಮೂರನೇ ಸೋಮವಾರ ಹದಿನೇಳನೇ ನಂಬರು ಓದಿದರು. ನನಗೆ ಏನೋ ಹೊಳೆಯಿತು. ಆ ಮೆಷಿನಿಗೆ ಕೇಬಲು ಎಳೆದವನು ನಾನೇ. ಕಡಲ ಬದಿಯ ಕಾಪು ಊರಿನವರದ್ದು ಏನೋ ಇರಬೇಕು, ಮೀನಿನವರದ್ದು... ಇಷ್ಟೇ ನೆನಪು. ಹೇಳಲೋ ಬೇಡವೋ ಎಂದೆ. ಮತ್ತೆ ಹೆಬ್ಬೆಟ್ಟಿನ ಕಥೆಯಾದರೆ? ಎರಡು ತಿಂಗಳಿಂದ ಸತ್ತು ಬಿದ್ದದ್ದು ತಾನೇ ಎಂದು ಸುಮ್ಮನಾದೆ. ಬಾಯಮ್ಮ ಮುಂದಿನ ನಂಬರು ಓದಿದರು.

ಆ ದಿನವೇ ಆರಿಸಿದೆವು. ಒಂದೊಂದು ಮೆಷಿನು ಆರಿಸುವ ಮೊದಲು ಬಾಯಮ್ಮ ಅದರ ತಲೆಯ ಮೇಲೆ ಕೈಯಿಟ್ಟು "ದೇವ್ ಬರೆಂ ಕರುಂ" ಎನ್ನುತ್ತಿದ್ದರು. ದೇವರು ಒಳ್ಳೆಯದು ಮಾಡಲಿ ಎಂದರ್ಥ. ಕೊಂಕಣಿಯಲ್ಲಿ ಧನ್ಯವಾದಕ್ಕೂ ಅದೇ ಮಾತು. ಗುಂಯ್ ಎನ್ನುವ ಸದ್ದು ಒಂದು ಸುತ್ತು ಕಡಿಮೆಯಾಯಿತು. ಕರೆಂಟಿನ ಮೀಟರು ನೋಡಿ ಧಣಿಗಳು ಅಂದೇ ಪೇಟೆಯಿಂದ ಐಸ್‌ಕ್ರೀಮ್ ತರಿಸಿದರು.

ನಮ್ಮ ತಪ್ಪು ಕಡಲಿನವರಿಗಾದರೆ ತಕ್ಷಣ ಗೊತ್ತಾಗುತ್ತಿತ್ತು. ಜೂನು, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಸರಕಾರದ್ದೇ ನಿಷೇಧ. ನಾವು ಮೀಟರು ನೋಡಿದ್ದು ಸರಿಯಾಗಿ ಆ ಎರಡು ತಿಂಗಳು. ಹದಿನೇಳನೇ ನಂಬರು ಕಾಪುವಿನ ಒಂದು ಸಣ್ಣ ಮೀನುಗಾರರ ಸೊಸೈಟಿಯದ್ದು. ಗಾಳಿ ಎದ್ದರೆ ಬೋಟಿನವರ ಮೊಬೈಲಿಗೆ ಎಚ್ಚರಿಕೆಯ ಮೆಸೇಜು ಕಳಿಸುವುದು, ಅದರ ಕೆಲಸ ಅದೊಂದೇ. ಬೋಟುಗಳನ್ನು ಬಂದರಿನ ದಕ್ಕೆಯಲ್ಲಿ ಕಟ್ಟಿಹಾಕಿದ್ದಾಗ ಅದಕ್ಕೆ ಎಂತ ಕೆಲಸ? ಅದು ಸತ್ತಿರಲಿಲ್ಲ, ರಜೆಯಲ್ಲಿತ್ತು.

ಆಗಸ್ಟಿನ ಮೊದಲ ವಾರ ಸೊಸೈಟಿಯಿಂದ ಫೋನು ಬಂತು. ಗಾಳಿಯ ಮುನ್ಸೂಚನೆ ಇತ್ತು, ಮೆಸೇಜು ಹೋಗಿಲ್ಲ, ಒಂದು ಬೋಟು ಹಿಂದೆ ಬಂದಿಲ್ಲ. ನಾನು ಓಡಿ ಹೋಗಿ ಮೆಷಿನು ಹಚ್ಚಿದೆ. ಎರಡು ಸಲ ಪಾಸ್‌ವರ್ಡ್ ತಪ್ಪಿತು. ಬೋಟು ಮರುದಿನ ಮಧ್ಯಾಹ್ನ ಮಲ್ಪೆಗೆ ಬಂತು. ಎಲ್ಲರೂ ಬದುಕಿದ್ದರು, ಒಬ್ಬನ ಬಲಗೈ ಮುರಿದಿತ್ತು.

ಬಾಯಮ್ಮ ಯಾರನ್ನೂ ಕೇಳದೆ ಕಾಪುವಿಗೆ ಹೊರಟರು. ಗಾಡಿ ಓಡಿಸಿದ್ದು ನಾನು. ಸೊಸೈಟಿಯ ಸೆಕ್ರೆಟರಿ ವಾಸಣ್ಣ, ಅರವತ್ತು ದಾಟಿದವರು, ಕೂರಲು ಕುರ್ಚಿ ಕೊಟ್ಟರು. ಬಾಯಮ್ಮ ಕೂರಲಿಲ್ಲ. "ನಿಮ್ಮ ಮೆಷಿನು ಆರಿಸಿದ್ದು ನಾನು. ತಪ್ಪು ನನ್ನದು. ಅದನ್ನು ಹೇಳಲಿಕ್ಕೆ ಬಂದೆ" ಎಂದರು. ವಾಸಣ್ಣ ಮೊದಲು ನಗಲು ನೋಡಿದರು. "ಇರಲಿ ಬಾಯಮ್ಮ, ನಾವು ಕಡಲು ನೋಡಿ ಹೋಗುವವರು, ಮೆಸೇಜು ನೋಡಿ ಅಲ್ಲ" ಎಂದರು. ಆಮೇಲೆ ಸ್ವರ ಬಿದ್ದುಹೋಯಿತು. "ನನ್ನ ಮಗ ಕಡಲು ನೋಡುವುದಿಲ್ಲ. ಮೊಬೈಲು ನೋಡುವುದು. ಮೆಸೇಜು ಇಲ್ಲ ಅಂದರೆ ಕಡಲು ಸರಿ ಉಂಟು ಅಂತ ಹೋದ. ಕೈ ಮುರಿದದ್ದು ಅವನದ್ದೇ." ನಾನು ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದೆ.

ಆಫೀಸಿನಲ್ಲಿ ವರದಿ ಬರೆಯಬೇಕಿತ್ತು, ಧಣಿಗಳಿಗೆ ಒಂದು ಹೆಸರು ಬೇಕಿತ್ತು. ಬಾಯಮ್ಮ ತಮ್ಮ ಹೆಸರು ಬರೆದರು. ಅದರ ಕೆಳಗೆ, ಇನ್ನು ಮೇಲೆ ಮಳೆಗಾಲ, ಮೀನಿನ ಕಾಲ, ಪರೀಕ್ಷೆಯ ಕಾಲ ಎಲ್ಲ ದಾಟಿ ಒಂದು ವರ್ಷ ನೋಡದೆ ಯಾವ ಮೆಷಿನನ್ನೂ ಆರಿಸಬಾರದು ಎಂದೂ ಬರೆದರು. ಆವತ್ತು ಆರಿಸಿದ್ದ ಉಳಿದ ಮೆಷಿನುಗಳನ್ನು ಒಂದೊಂದಾಗಿ ಮತ್ತೆ ಪರೀಕ್ಷಿಸಿದರು, ಸಣ್ಣ ಏಸಿಗಳನ್ನು ಕೂರಿಸಿದರು. ದೀಪಾವಳಿಗೆ ಎಂಟು ದಿನ ಇರುವಾಗ ಕರೆಂಟು ಅರ್ಧಕ್ಕೆ ಇಳಿಯಿತು. ನಾವು ಹತ್ತೊಂಬತ್ತು ಜನ ಉಳಿದೆವು. ಬಾಯಮ್ಮನ ಒಪ್ಪಂದ ಮಾತ್ರ ದೀಪಾವಳಿಗೆ ಮುಗಿಯಿತು, ಅದನ್ನು ಮುಂದುವರಿಸಲಿಲ್ಲ. ಆ ಘಟನೆಯ ಮೇಲೆ ಗಿರಾಕಿಗಳು ಒಪ್ಪುವುದಿಲ್ಲ ಎಂದರು ಧಣಿಗಳು. ನಾನು ಆಗಲೂ ಬಾಯಿ ಬಿಡಲಿಲ್ಲ. ನನ್ನನ್ನು ಉಳಿಸಲಿಕ್ಕೆ ಆ ಹೆಂಗಸು ತಮ್ಮ ತಲೆ ಕೊಟ್ಟರು ಎಂದು ಒಳಗೊಳಗೇ ಬೇಯುತ್ತಿದ್ದೆ, ಅಷ್ಟೇ.

ಕ್ರಿಸ್ಮಸ್ಸಿಗೆ ವಾರವಿದೆ ಎನ್ನುವಾಗ ತಡೆಯಲಾಗದೆ ಬೆಳ್ಮಣ್ಣಿಗೆ ಹೋದೆ. ಬಾಯಮ್ಮ ಸ್ವಲ್ಪ ಸೋತ ಹಾಗೆ ಕಂಡರು. ಒಳಗೆ ಕಾಯಿಲೆ ಶುರುವಾಗಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ. ಮೇಜಿನ ಮೇಲೆ ಹಬ್ಬದ ನೆವ್ರಿಗಳನ್ನು, ಅಂದರೆ ಕರ್ಜಿಕಾಯಿಗಳನ್ನು, ಹರಡಿಕೊಂಡು, ಒಂದೊಂದರ ಅಂಚನ್ನು ಬೆರಳಿನಿಂದ ಮಡಚುತ್ತಿದ್ದರು. "ಬಾ ಈರಾ, ಕೈ ತೊಳೆದು ಕೂರು, ಮಡಚು" ಎಂದರು. ಎರಡು ಮಡಚಿದೆ. ಮೂರನೆಯದ್ದಕ್ಕೆ ಆಗಲಿಲ್ಲ.

"ಬಾಯಮ್ಮ, ಹದಿನೇಳು ಕಾಪುವಿನವರದ್ದು ಅಂತ ನನಗೆ ಗೊತ್ತಿತ್ತು. ಪೂರ್ತಿ ಅಲ್ಲ, ಅರೆಬರೆ. ಹೇಳಲಿಲ್ಲ. ನೀವು ನನ್ನನ್ನು ಉಳಿಸಿದಿರಿ" ಎಂದೆ.

ಅವರು ಮಡಚುವುದನ್ನು ನಿಲ್ಲಿಸಲಿಲ್ಲ. "ಗೊತ್ತುಂಟು" ಎಂದರು. "ಆ ನಂಬರು ಓದುವಾಗ ನೀನು ತಲೆ ಎತ್ತಿದೆ. ನಾನು ನೋಡಿದೆ. ಎಂತ ಈರಾ ಅಂತ ಕೇಳಬಹುದಿತ್ತು. ಕೇಳಿದರೆ ಇನ್ನೊಂದು ವಾರ ಹೋಗುತ್ತದೆ, ದೀಪಾವಳಿಗೆ ಆಗುವುದಿಲ್ಲ ಅಂತ ಮುಂದಿನದ್ದು ಓದಿದೆ. ನಿನ್ನನ್ನು ಉಳಿಸಲಿಕ್ಕೆ ನನಗೆ ಎಂತ ಹುಚ್ಚಾ ಮಾರಾಯ? ಕಾಪುವಿನಲ್ಲಿ ನಾನು ಹೇಳಿದ್ದು ನನ್ನದು. ನನ್ನದು ಹೇಳಿಯಾಯಿತು. ನಿನ್ನದು ಇನ್ನೂ ಬಾಕಿ ಉಂಟು."

ಅವರು ಕೈ ಒರೆಸಿಕೊಂಡು ಗೋಡೆಯ ಗಡಿಯಾರ ನೋಡಿದರು. "ಶಿರ್ವದ ಮೇಲಿಂದ ಕಾಪುವಿಗೆ ಹೋಗುವ ಬಸ್ಸು ಈಗ ಉಂಟು. ಏಳು."

ಹೋದೆ. ವಾಸಣ್ಣ ಸೊಸೈಟಿಯ ಜಗಲಿಯಲ್ಲೇ ಇದ್ದರು. ನಿಂತುಕೊಂಡೇ ಎಲ್ಲ ಹೇಳಿದೆ, ಹೆಬ್ಬೆಟ್ಟಿನ ಕಥೆಯನ್ನೂ ಬಿಡದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನಾ ಈರ?" ಎಂದರು. "ಬಾಯಮ್ಮ ಹೋದ ತಿಂಗಳು ನನ್ನ ಮಗನನ್ನು ನೋಡಲಿಕ್ಕೆ ಬಂದಿದ್ದರು. ಒಬ್ಬ ಬರುತ್ತಾನೆ, ತಡವಾಗಿ ಬರುತ್ತಾನೆ, ಆದರೆ ಬರುತ್ತಾನೆ ಅಂತ ಹೇಳಿ ಹೋಗಿದ್ದಾರೆ. ಬೈಯಬೇಡಿ ಅಂತ ಮಾತ್ರ ಹೇಳಲಿಲ್ಲ." ಆಮೇಲೆ ಅವರು ಬೈದರು. ಮೊದಲು ಕನ್ನಡದಲ್ಲಿ, ಅದು ಸಾಲದೆ ತುಳುವಿನಲ್ಲಿ. ನನ್ನ ಜನ್ಮದಲ್ಲಿ ಅಷ್ಟು ಬೈಗುಳ ತಿರುಗಿ ಮಾತಾಡದೆ ಕೇಳಿದ್ದು ಅದೊಂದೇ ಸಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಕಾಪು ಬಸ್‌ಸ್ಟ್ಯಾಂಡಿನಿಂದಲೇ ಬಾಯಮ್ಮನಿಗೆ ಫೋನು ಮಾಡಿದೆ. ಫೆಬ್ರವರಿಯಲ್ಲಿ ಅವರು ತೀರಿಹೋದರು. ಅಷ್ಟರೊಳಗೆ ಮತ್ತೆ ಮಾತಾಡಲು ಆಗಲೇ ಇಲ್ಲ, ಆ ಫೋನೇ ಕೊನೆಯದ್ದು.

"ಬೈದರಾ?" ಎಂದು ಫೋನು ಎತ್ತಿದ ಕೂಡಲೇ ಕೇಳಿದರು.

"ತುಂಬಾ ಬೈದರು ಬಾಯಮ್ಮ."

"ಒಳ್ಳೆಯದಾಯಿತು. ಇನ್ನು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡು" ಎಂದು ಫೋನು ಇಟ್ಟರು.